ಯಾರು ಕಳಿಸಿದರು

ಹ್ಯಾಮರ್‌ಫೆಸ್ಟ್ ಆಸ್ಪತ್ರೆಯಲ್ಲಿ ಮೊದಲ ದಿನವೇ ಕೇಳಿದರು:
ಯಾರು ಕಳಿಸಿದರು ನಿನ್ನ, ಇಷ್ಟು ಉತ್ತರಕ್ಕೆ?
ಯಾರೂ ಇಲ್ಲ, ಎಂದೆ. ನಂಬಲಿಲ್ಲ.

ಬ್ಯಾಂಕಿನವನಿಗೆ ಸಂಬಳ ಎಂದಿದ್ದೆ,
ಅಮ್ಮನಿಗೆ ಅನುಭವ,
ಮನೆಯೊಡತಿ ಊಲೌಗ್‌ಗೆ, ಸುಮ್ಮನೆ, ಹಿಮ.
ಮೂರೂ ಸುಳ್ಳಲ್ಲ. ಮೂರೂ ಸೇರಿದರೂ
ಒಂದು ವಿಮಾನದ ಟಿಕೆಟ್ಟಿನಷ್ಟು ತೂಕವಿಲ್ಲ.

ಗ್ರೀಸಿನ ನನ್ನೂರಲ್ಲಿ ಮೇಜಿನ ಮೇಲೆ ಮಲಗಿದವರೆಲ್ಲ
ಮಾಸ್ಕಿನೊಳಗಿಂದ ಕೇಳುತ್ತಿದ್ದರು:
ನೀನು ಔಷಧಿ ಅಂಗಡಿ ಥ್ರಾಸೋಸನ ಮಗಳಲ್ಲವೇ?
ಹೌದು ಎನ್ನುವಷ್ಟರಲ್ಲಿ ನಿದ್ದೆ ಅವರಿಗೆ.
ಹನ್ನೊಂದು ವರ್ಷ
ಅಪ್ಪನ ಹೆಸರಲ್ಲೇ ಊರನ್ನು ಮಲಗಿಸಿದೆ.

ಇಲ್ಲಿ ಮೀನುಗಾರನೊಬ್ಬ, ಎರಡು ಬೆರಳಿಲ್ಲದ ಕೈ ಚಾಚಿ
ಕೇಳಿದ್ದು ಇಷ್ಟೇ: ನೋಯುತ್ತದೆಯೇ?
ಈ ನುಡಿಯಲ್ಲಿ ನಾನು ಮೊದಲು ಕಲಿತದ್ದು
ಹತ್ತರಿಂದ ಕೆಳಗಿನ ಎಣಿಕೆ.
ತೀ, ನೀ, ಓತ್ತೆ...
ಏಳಕ್ಕೆ ಬರುವ ಮುನ್ನವೇ ಅವನಿಗೆ ಜೊಂಪು.
ಎಚ್ಚರವಿದ್ದವಳು ನಾನೊಬ್ಬಳೇ, ಯಾರ ಮಗಳೂ ಅಲ್ಲದೆ,
ಅವನ ಉಸಿರು ಕಾಯುತ್ತ.
ಎಷ್ಟು ಹಗುರ!

ನಿನ್ನೆ ಅಂಗಡಿಯಲ್ಲಿ ಆಲೂಗಡ್ಡೆ ತೂಗುವ ಹುಡುಗ
ತಲೆಯೆತ್ತಿ ನಕ್ಕ: ನಮ್ಮಜ್ಜನನ್ನು
ಮಲಗಿಸಿದ ಡಾಕ್ಟರು ನೀವೇ ಅಲ್ಲವೇ?
ಹೌದು ಎಂದೆ.
ಎದ್ದಿದ್ದಾನೆ, ಎಲ್ಲರನ್ನೂ ಬೈಯುತ್ತಿದ್ದಾನೆ, ಎಂದ.

ಚೀಲ ಹೊತ್ತು ಬಂದರಿನ ಮೆಟ್ಟಿಲಿಳಿಯುತ್ತ
ಎಣಿಸಿದೆ: ತೀ, ನೀ,
ಓತ್ತೆಗೆ ನಿಂತೆ.