ಫಾರ್ಟಿ ಟೂ ಶೀಪ್ಸ್

ಉಮದಿಯ ಶಾಲೆ, ನಾಲ್ಕನೇ ಇಯತ್ತೆ,
ಮೂವತ್ತೊಂದು ವಹಿ.
ಕೇಂದ್ರಪ್ರಮುಖರು ಕೊಟ್ಟ ತಖ್ತೆ ಮರಾಠಿಯದು,
ತಿದ್ದಬೇಕಾದದ್ದು ಇಂಗ್ಲಿಷು,
ತಿದ್ದುತ್ತ ನಾನು ಗೊಣಗುವುದು ಕನ್ನಡದಲ್ಲಿ.

ಅಕ್ಷರಕ್ಕೆ ಎರಡು, ಸ್ಪೆಲ್ಲಿಂಗಿಗೆ ಮೂರು,
ವ್ಯಾಕರಣಕ್ಕೆ ಮೂರು,
ಅಂಚಿನ ಸಣ್ಣ ಚೌಕದಲ್ಲಿ
ಸ್ವಂತ ವಿಚಾರಕ್ಕೆ ಎರಡು.

ವಿಷಯ: ಮೈ ಫ್ಯಾಮಿಲಿ.

ಸುಗಲಾ ಗೈಡು ನೋಡಿ ಬರೆದಿದ್ದಾಳೆ.
ಮನೆ ಮುಂದೆ ಗಾರ್ಡನ್ನಂತೆ, ಅಪ್ಪ ಡಾಕ್ಟರಂತೆ.
ಅವರಪ್ಪ ಜತ್ ರಸ್ತೆಯಲ್ಲಿ ಪಂಚರ್ ತೆಗೆಯುತ್ತಾನೆ,
ನನ್ನ ಸ್ಕೂಟಿಯದೂ.
ಒಂದೂ ತಪ್ಪಿಲ್ಲ. ಎಂಟು ಹಾಕಿ
ಉಳಿದೆರಡರ ಮೇಲೆ ಪೆನ್ನು ಹಿಡಿದು ಕೂತೆ.
ಅವನ್ನೂ ಕೊಟ್ಟೆ.

ಅಮೀನಾಳ ಬಿ ಎಲ್ಲ ಡಿ ಆಗಿವೆ.
ಬ್ರದರ್ ಡ್ರದರ್ ಆಗಿದ್ದಾನೆ.
ಪಾಪ, ಅವನಿರುವುದೂ ಹಾಗೇ, ಅಂಗಿ ತಿರುವುಮುರುವು.

ಮಾಳಿಂಗನ ವಹಿಗೆ ಉಣ್ಣೆಯ ವಾಸನೆ.
ಮೈ ಫ್ಯಾಮಿಲಿ ಈಸ್ ಮದರ್, ಫಾದರ್, ಫಾರ್ಟಿ ಟೂ ಶೀಪ್ಸ್.
ವನ್ ಶೀಪ್ ಲೆಗ್ ನಾಟ್.
ನೈಟ್ ವುಲ್ಫ್ ಕಮ್.
ಮಾರ್ನಿಂಗ್ ಫಾರ್ಟಿ ವನ್ ಶೀಪ್ಸ್.
ಮದರ್ ನಾಟ್ ಈಟ್.

ಕೆಂಪು ಪೆನ್ನು ಎಷ್ಟು ಕಡೆ ಇಳಿಯಬೇಕು!
ಕಾಲವಿಲ್ಲ, ಕ್ರಿಯಾಪದಕ್ಕೆ ಬಾಲವಿಲ್ಲ,
ಬಾಲ ಬೇಡವಾದಲ್ಲಿ ಮಾತ್ರ
ಒಂದು ಎಸ್ಸು.

ಮರುದಿನ ಕರೆದು ಹೇಳಿದೆ:
ಒಂದಕ್ಕೂ ಶೀಪ್, ನೂರಕ್ಕೂ ಶೀಪ್.
ಎಸ್ ಹಚ್ಚಬಾರದು.

ಅವನು ನೆಲ ನೋಡಿದ. ಬೆರಳು ಮಡಚಿದ, ಬಿಚ್ಚಿದ.
‘ಹಂಗಂದ್ರ ಒಂದು ಕಳದ್ರ
ಅವರಿಗೆ ಹ್ಯಾಂಗ ಗೊತ್ತಾಗತೈತ್ರೀ, ಬಾಯಾರ?’

ಸಾಂಗ್ಲಿಯಲ್ಲಿ ಡಿ.ಎಡ್. ಮಾಡಿದವಳು,
ಇಪ್ಪತ್ತೆರಡು ವರ್ಷ ಆ ಶಬ್ದ ಹಲಗೆಗೆ ಬರೆದೆ, ಒರೆಸಿದೆ,
ಮತ್ತೆ ಬರೆದೆ.
ಮುಂದಿನ ತಾಸಿನ ಗಂಟೆ ಹೊಡೆಯಿತು.
ಹೋಗು ಎಂದೆ.

ದೀಪಾವಳಿ ರಜೆ ಮುಗಿಯುವಷ್ಟರಲ್ಲಿ
ಹಿಂಡು ಭೀಮೆಯ ಕಡೆ ಇಳಿದಿತ್ತು,
ಹಿಂಡಿನ ಹಿಂದೆ ಅವನೂ.
ಮಾಳಿಂಗ ಬೀರಪ್ಪ ಪೂಜಾರಿ, ಎಂದು ಹಾಜರಿ ಕೂಗಿದೆ.
‘ಇಲ್ರೀ’ ಎಂದಿತು ಹಿಂದಿನ ಬೆಂಚು.

ತಖ್ತೆಯ ತಳದಲ್ಲಿ ವರ್ಗದ ಸರಾಸರಿ ಕೇಳಿದ್ದಾರೆ.
ಆರು ಬಿಂದು ನಾಲ್ಕು.
ಅವನ ಅಂಕ ಸೇರಿಸಿದರೂ ಅಷ್ಟೇ,
ಬಿಟ್ಟರೂ ಅಷ್ಟೇ; ಎರಡು ಸಲ ಲೆಕ್ಕ ಹಾಕಿದೆ.

ವಹಿ ನನ್ನ ಚೀಲದಲ್ಲೇ ಉಳಿದಿದೆ.
ಎಸ್ಸಿನ ಮೇಲೆ ಅರ್ಧ ಎಳೆದ ಗೆರೆ.
ಪೂರಾ ಎಳೆಯಲು ಒಮ್ಮೆ ಹೊರತೆಗೆದೆ,
ರೀಫಿಲ್ ಮುಗಿದಿದೆ ಎಂದು ಒಳಗಿಟ್ಟೆ.

ಮುಗಿದಿರಲಿಲ್ಲ.