ಕಿವುಡು ಡಬ್ಬಿ

ಮೊದಲು ಕೊಂಡದ್ದು ಕಚ್ಚುವಂಥದ್ದು.
ಬಟ್ಟೆ ಒಣಹಾಕುವ ಕ್ಲಿಪ್ಪಿನ ಹಾಗೆ
ಬೇಸ್ ಗಿಟಾರಿನ ತಲೆ ಕಚ್ಚಿ ಕೂತು
ಶ್ರುತಿ ಸೇರಿದರೆ ಹಸಿರು, ತಪ್ಪಿದರೆ ಕೆಂಪು.
ನಾನೂರೈವತ್ತು ರೂಪಾಯಿ.
ಮನೆಯಲ್ಲಿ, ರಾತ್ರಿ ಹನ್ನೊಂದರ ಮೇಲೆ,
ಅದರಷ್ಟು ಪ್ರಾಮಾಣಿಕ ಜೀವ ಇನ್ನೊಂದಿಲ್ಲ.

ಸ್ಟೇಜಿನ ಮೇಲೆ ಬೇರೆ ಕತೆ.
ಅಶೋಕ ರೋಡಿನ ರೈಲ್ವೆ ಗೇಟಿನ ಪಕ್ಕ ಒಂದು ರಿಸೆಪ್ಷನ್ನು.
ಹ್ಯಾಲೊಜನ್ ಬಿಸಿಗೆ ದಪ್ಪ ತಂತಿ ಸೋತು ಇಳಿದಿತ್ತು.
ಎರಡು ಹಾಡಿನ ನಡುವೆ ಮೀಟಿದೆ.
ಹಿಂದೆ ಕೋಟ್ರೇಶಿ ಡ್ರಮ್ಮಿನ ಬೋಲ್ಟು ಬಿಗಿಮಾಡಿ
ಧಬ್ ಧಬ್ ಒದ್ದು ನೋಡುತ್ತಿದ್ದ;
ಕ್ಲಿಪ್ಪಿಗೆ ಅವನ ಕಾಲೂ ಒಂದು ತಂತಿಯೇ.
ಅಷ್ಟರಲ್ಲಿ ಗೇಟು ಬಿತ್ತು, ಗೂಡ್ಸು ಬಂತು,
ಹಲಗೆಯಿಂದ ಮೊಣಕಾಲಿಗೆ, ಮೊಣಕಾಲಿಂದ ಮರಕ್ಕೆ ನಡುಕ ಹತ್ತಿ
ವ್ಯಾಗನ್ನಿಗೊಂದು ಸ್ವರ ಹೇಳುತ್ತಾ ಹೋಯಿತು ಆ ಪಾಪದ ಯಂತ್ರ,
ಕಡೆಗೆ ಗಾರ್ಡಿನ ಡಬ್ಬಿ ದಾಟುವಾಗ
ಹಸಿರು ದೀಪ ಹತ್ತಿಸಿತು.
ನನಗಲ್ಲ, ಅವನಿಗೆ.

ಹಾಗೇ ಬಾರಿಸಿದೆ.
ಪಲ್ಲವಿಯ ಎರಡನೇ ಸಾಲಿಗೆ ಶಾಹಿದಾ ತಿರುಗಿ ನೋಡಿದಳು.
ಆರು ವರ್ಷ ಅವಳ ಬೆನ್ನ ಹಿಂದೆ ನಿಂತವನು ನಾನು,
ನೋಡಿದ್ದು ಅದೇ ಮೊದಲು.

ಫೋನಿನಲ್ಲೊಂದು ಇತ್ತು, ಪುಕ್ಕಟೆ.
ಅದಕ್ಕೆ ಊರೆಲ್ಲ ಕೇಳಿಸುತ್ತದೆ:
ಎಂಜಿನಿಯರಿಂಗ್ ಹುಡುಗರ ಶಿಳ್ಳೆ, ಊಟದ ಮನೆಯ ಮಿರ್ಚಿ ಬಾಣಲೆ,
ಮದುಮಗನ ದೊಡ್ಡಪ್ಪನ ಕೆಮ್ಮು.
ಎಲ್ಲರ ಮಾತೂ ಕೇಳಿ
ಏನೂ ಹೇಳಲಾರದೆ ಸೂಜಿ ತಲೆ ಆಡಿಸುತ್ತದೆ,
ಪಂಚಾಯ್ತಿ ಕಟ್ಟೆಯ ಹಿರಿಯನ ಹಾಗೆ.

ಹಗಲು ನಾನು ಮೋಟರ್ ಸುತ್ತುವವನು.
ಸುಟ್ಟ ತಾಮ್ರ ಬಿಚ್ಚಿ ಹೊಸ ತಾಮ್ರ ಸುತ್ತಿ
ಕರೆಂಟು ಕೊಟ್ಟು, ಗುಂಯ್ ಎಂದರೆ ದುಡ್ಡು ಕೇಳುವವನು.
ಈ ಊರಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ತೂಗುತ್ತದೆ,
ನನ್ನ ದಪ್ಪ ತಂತಿ ನಲವತ್ತೊಂದು ಸಲ.
ಒಂಬತ್ತರ ಅಂತರ.
ಅಷ್ಟರಲ್ಲೇ ನನ್ನ ಹಗಲೂ ರಾತ್ರಿಯೂ.

ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ಹಾರ್ಮೋನಿಯಂ ರೀಡು ಕೆರೆಯುವ ಇಮಾಮ್‌ಸಾಬರು
ಕನ್ನಡಕ ಹಣೆಗೇರಿಸಿ ಅಂದರು:
"ಚಲೋ ಕೇಳೋದು ಹುಡುಕಬ್ಯಾಡಪ.
ನಿನ್ನ ಮಾತೊಂದ ಕೇಳಿ
ಉಳದಿದ್ದಕ್ಕೆಲ್ಲ ಕಿವುಡಾಗಿರೋದು ತಗ."

ಅಂಥದ್ದು ಕಾಲಿನ ಡಬ್ಬಿ.
ಮೂರು ಸಾವಿರದ ಇನ್ನೂರು, ನಾಲ್ಕು ರಿಸೆಪ್ಷನ್ನಿನ ಕೂಲಿ.
ತಂತಿಯಿಂದ ಕೇಬಲ್ಲು, ಕೇಬಲ್ಲಿಂದ ಡಬ್ಬಿ,
ನಡುವೆ ಗಾಳಿ ಇಲ್ಲ, ಗೂಡ್ಸು ಇಲ್ಲ, ಕೋಟ್ರೇಶಿ ಇಲ್ಲ.
ಇನ್ನೂ ಅಗ್ಗದವು ಇದ್ದವು,
ದಪ್ಪ ತಂತಿಗೆ ಬಂದರೆ ಏದುಸಿರು ಬಿಟ್ಟು
ಇದಾ, ಅದಾ, ಎಂದು ತಡವರಿಸುವವು.
ಚೆಂದದ್ದೊಂದಿತ್ತು, ಬಿಸಿಲಿಗೆ ಹಿಡಿದರೆ ಅಂಕಿ ಕಾಣದು.
ಇಮಾಮ್‌ಸಾಬರ ಅಂಗಡಿ ಮೆಟ್ಟಿಲ ಮೇಲೆ ಇಟ್ಟು
ಚಪ್ಪಲಿ ಕಾಲಲ್ಲಿ ಜೋರಾಗಿ ತುಳಿದು ನೋಡಿ ತಂದೆ.

ಅಂಗಡಿಯವರು ಹೇಳದ್ದು ಒಂದಿದೆ.
ಅದನ್ನು ತುಳಿದರೆ ನನ್ನ ದನಿ ನಿಲ್ಲುತ್ತದೆ.
ನಾಲ್ಕು ತಂತಿಗೆ ಹದಿನೈದು ಸೆಕೆಂಡು,
ನಾನು ಮೀಟುತ್ತೇನೆ, ಯಾರಿಗೂ ಕೇಳುವುದಿಲ್ಲ.
ಕೀಬೋರ್ಡಿನ ತಿಪ್ಪೇಸ್ವಾಮಿ ಖಾಲಿ ತುಂಬಲು ಏನೋ ನುಡಿಸುತ್ತಿರುತ್ತಾನೆ,
ಉಪ್ಪು ಖಾರ ಬೀಳದ ಮಂಡಕ್ಕಿಯ ಹಾಗೆ
ಹಗುರಾಗಿ ಹಾಲಿನ ತುಂಬ ಚೆಲ್ಲುತ್ತದೆ ಅದು.
ಓಹೋ, ನಾನಿಲ್ಲದಿದ್ದರೆ ಹೀಗಾ, ಎಂದುಕೊಳ್ಳುತ್ತೇನೆ.
ಮತ್ತೆ ತುಳಿಯುತ್ತೇನೆ.
ಈಚೆಗೆ ಶ್ರುತಿ ಸರಿ ಇದ್ದಾಗಲೂ ಒಮ್ಮೊಮ್ಮೆ ತುಳಿಯುವುದುಂಟು.

ಮೊನ್ನೆ ರಾತ್ರಿ ನೋಟು ಎಣಿಸಿ ಕೊಡುತ್ತಾ
ಹುಡುಗಿಯ ಸೋದರಮಾವ ಅಂದರು: "ಬೇಸಾತು ಬಿಡ್ರಿ."
ಎಲ್ಲಕ್ಕೂ ಬೇಸ್ ಅನ್ನುವ ಊರು ಇದು,
ಊಟಕ್ಕೆ, ಮಳೆಗೆ, ಸಂಬಂಧಕ್ಕೆ.
ಯಾವುದಕ್ಕೆ ಅಂದರು ಎಂದು ಕೇಳಲಿಲ್ಲ.
ಶಾಹಿದಾ ಇಡೀ ಸಂಜೆ ತಿರುಗಿರಲಿಲ್ಲ.

ಬೆಳಿಗ್ಗೆ ಅಂಗಡಿಯಲ್ಲಿ
ಐದು ಎಚ್‌ಪಿ ಮೋಟರಿಗೆ ಕರೆಂಟು ಕೊಟ್ಟೆ, ಗುಂಯ್ ಅಂತು.
ಎಡಗಾಲು ನೆಲದ ಮೇಲೆ
ಏನನ್ನೋ ಹುಡುಕಿತು.