ನಿವ್ವಳ ತೂಕ

ಹುಮನಾಬಾದ್ ರೋಡಿನ ಬಂದಾದ ದಾಲ್ ಮಿಲ್ಲು.
ಬಾಗಿಲಲ್ಲಿ ಒಬ್ಬ ಹುಡುಗ
ಚೀಲಕ್ಕೆ ಹೊಡೆಯುವ ಹಳೇ ಠಸ್ಸೆಯನ್ನೇ
ನಮ್ಮ ಮಣಿಕಟ್ಟಿಗೂ ಹೊಡೆದ:
ನಿವ್ವಳ ತೂಕ ೫೦ ಕೆ.ಜಿ.
‘ನಂದು ಎಪ್ಪತ್ತೆರಡು ಅದ ತಮ್ಮಾ,
ಉಳದದ್ದಕ್ಕ ಬ್ಯಾರೆ ಟಿಕೀಟೇನು?’
ಅಂದಳು ನೌಶೀನ್.

ಒಳಗೆ ಎಂಬತ್ತು ಜನ, ಎರಡು ಫ್ಯಾನು.
ವೈಜನಾಥ ಆಫೀಸಿನ ಇಸ್ತ್ರಿ ಅಂಗಿಯಲ್ಲೇ ಬಂದಿದ್ದ,
ಕಿಸೆಯಲ್ಲಿ ಎರಡು ಪೆನ್ನು.
ಡ್ರಮ್ಮಿನ ಮೊದಲ ಏಟಿಗೇ
ತೊಲೆಗಳ ಮೇಲೆ ವರ್ಷಗಟ್ಟಲೆ ಕೂತಿದ್ದ
ತೊಗರಿ ಹೊಟ್ಟು
ಮೆಲ್ಲಗೆ ಇಳಿಯಿತು, ಎಲ್ಲರ ತಲೆಗೆ.
ಗಿಟಾರಿನವನು ಸೀನಿದ. ತಾಳ ತಪ್ಪಲಿಲ್ಲ.

ಹಾಡುವವಳು ಸೇಡಂ ಕಡೆಯವಳಂತೆ.
ಮಾತು ಅರ್ಧವೇ ತಿಳಿದದ್ದು:
‘ಇನ್ನಾ ಎಷ್ಟ್ ದಿನಾ, ಇನ್ನಾ ಎಷ್ಟ್ ದಿನಾ’
ಬಾಡಿಗೆ ಕೇಳಲು ಬಂದ ಮನೆಯೊಡತಿಯ ದನಿ.
ತಿರುಗಿ ಒದರಿದೆವು ನಾವೂ.
ವೈಜನಾಥ ಒದರಿದ್ದು
ಹನ್ನೊಂದು ವರ್ಷದ ಗೆಳೆತನದಲ್ಲಿ
ನಾನು ಕೇಳಿದ್ದು ಅದೇ ಮೊದಲು.
ಒಂದು ಪೆನ್ನು ಎಲ್ಲೋ ಬಿತ್ತು.

ಹನ್ನೆರಡಕ್ಕೆ, ರಿಂಗ್ ರೋಡಿನ ಗಾಡಿಯ ಮುಂದೆ
‘ಏನಂದಿ?’
‘ಹಾಂ?’
‘ಏನಂದಿ ಅಂದೆ!’
ಮೂರು ಚಹಾ ಹೇಳಿದ್ದು ಯಾರು ಯಾರೋ,
ಆರು ಬಂದವು.
ಕುಡಿದೆವು.

ಬೆಳಿಗ್ಗೆ ಬ್ಯಾಂಕಿನ ಕೌಂಟರಿನಲ್ಲಿ
ಗಾಜಿನಾಚೆ ಬಾಯಿಗಳಷ್ಟೇ ಆಡುತ್ತವೆ;
ಕಿವಿಯೊಳಗೆ ಇನ್ನೂ ಕುಂಯ್ ಅನ್ನುವ ಒಂದೇ ತಂತಿ,
ಗುರುವಾರದ ತನಕವಾದರೂ ಇರಲಿ ಅದು.
ಪಾಸ್‌ಬುಕ್ ಚಾಚಿದ ಮುದುಕಿ
ಕಂಡಿಯಲ್ಲಿ ನನ್ನ ಕೈ ಹಿಡಿದು
ಅಕ್ಷರ ಕೂಡಿಸಿ ಕೂಡಿಸಿ ಓದಿದಳು,
ಮೇಲಿಂದ ಕೆಳಗೆ ನನ್ನ ನೋಡಿ
ಏನೋ ಅಂದು ನಕ್ಕಳು.
ಕೇಳಿಸಲಿಲ್ಲ.
ಹೌದು ಎಂದೆ,
ಅವಳ ಪುಸ್ತಕಕ್ಕೂ ಒಂದು ಠಸ್ಸೆ ಹೊಡೆದೆ,
ಸ್ವಲ್ಪ ಜೋರಾಗಿಯೇ.